ಹಳೇ ಸಾಮಾನಿನ ಮನೆಯಲ್ಲಿ ಸಿಕ್ಕ ಚಿಕ್ಕವ್ವ

ಆಗ ನಮ್ಮ ಕಡೆಯ ಮನೆಗಳಲ್ಲಿ ಬೀಸುವ ಕಲ್ಲು ಇನ್ನೂ ನಡುಮನೆಯ ಮೂಲೆಯಲ್ಲೇ ಇರುತ್ತಿತ್ತು. ರಾಗಿ ಮಿಲ್ಲಿಗೆ ಹೋಗುತ್ತಿತ್ತು ನಿಜ, ಆದರೆ ಹುರಿಹಿಟ್ಟಿಗೆ, ಅಕ್ಕಿ ನುಚ್ಚಿಗೆ, ಹುರುಳಿ ಒಡೆಯುವುದಕ್ಕೆ ಕಲ್ಲೇ ಆಗಬೇಕಿತ್ತು. ಒರಳು ಹಿತ್ತಿಲಲ್ಲಿ, ಒನಕೆ ಬಾಗಿಲ ಹಿಂದೆ, ಮೊರ ಗೋಡೆಯ ಗೂಟದಲ್ಲಿ. ಅವನ್ನು ಯಾರೂ ಹಳೆಯವು ಅನ್ನುತ್ತಿರಲಿಲ್ಲ. ಅಂಥ ಕಾಲದಲ್ಲಿ ಅದೇ ಕಲ್ಲು, ಅದೇ ಒರಳು, ಅದೇ ಮೊರಗಳನ್ನು ನೋಡಿಬರಲು ನಾವು ಮೂವರು ಕವಲಂದೆಯಿಂದ ಎರಡು ಬಸ್ಸು ಹತ್ತಿ ಟಿ. ನರಸೀಪುರಕ್ಕೆ ಹೋದೆವು. ಅಪ್ಪ, ಅಜ್ಜಿ ಮತ್ತು ನಾನು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಐದನೇ ಕ್ಲಾಸು.

ಆ ವರ್ಷದ ಆಷಾಢದಲ್ಲಿ ಅವ್ವ ತೀರಿಕೊಂಡಿತ್ತು. ಕಾಮಾಲೆ. ಮೊದಲು ಸೊಪ್ಪಿನ ಔಷಧಿ ಕುಡಿಸಿದರು, ಆಮೇಲೆ ನಂಜನಗೂಡಿಗೆ ತೋರಿಸಿದರು, ಕೊನೆಗೆ ಮೈಸೂರಿಗೆ ಕರೆದುಕೊಂಡು ಹೋದರು. ಹೋದವರು ಮಾರನೆಯ ದಿನ ವ್ಯಾನಿನಲ್ಲಿ ವಾಪಸು ತಂದರು. ಅಂಗಳದಲ್ಲಿ ಮಲಗಿಸಿದಾಗ ಅದರ ಪಾದಗಳು ಅರಿಶಿನ ಹಚ್ಚಿದ ಹಾಗೆ ಕಾಣುತ್ತಿದ್ದವು. ನಾನು ಕಂಬ ಹಿಡಿದುಕೊಂಡು ನಿಂತಿದ್ದೆ. ಅಳು ಬರಲಿಲ್ಲ.

ಬೀದಿಯ ಹೆಂಗಸರು ನನ್ನನ್ನು ತಬ್ಬಿಕೊಂಡು ಗೋಳಾಡಿದರು. ಅವರ ಎದೆಯ ಬೆವರು, ಎಲೆಯಡಿಕೆಯ ವಾಸನೆ ಇವತ್ತಿಗೂ ನೆನಪಿದೆ. ತಬ್ಬಿ ಬಿಟ್ಟ ಮೇಲೆ ನನ್ನ ಮುಖ ನೋಡುತ್ತಿದ್ದರು.

"ಎತ್ತವ್ವ ಓಗವಳೆ. ಒಂದ್ ತೊಟ್ಟು ಕಣ್ಣೀರಿಲ್ವಲ್ಲಮ್ಮಿ ಈ ಕೂಸ್ಗೆ."

"ಕಲ್ಲು ಕಣಮ್ಮಿ. ಕಲ್ಲು."

ನನಗೆ ಕೇಳಲಿ ಅಂತ ಅಂದದ್ದಲ್ಲ. ಆದರೂ ಕೇಳಿಸಿತು. ಕೇಳಿಸಿಯೂ ಏನೂ ಆಗಲಿಲ್ಲ. ಕಾಲಿಗೆ ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ನನಗೆ ಒಳಗೆಲ್ಲ ಹಾಗಾಗಿತ್ತು. ಸ್ಕೂಲಿಗೆ ಹೋಗುತ್ತಿದ್ದೆ, ಕೊಟ್ಟದ್ದು ಉಣ್ಣುತ್ತಿದ್ದೆ, ಮಲಗು ಅಂದರೆ ಮಲಗುತ್ತಿದ್ದೆ. ಗೆಳತಿಯರು ಕುಂಟಾಬಿಲ್ಲೆ ಆಡಲು ಕರೆದರೆ ಹೋಗಿ ಸರದಿ ಬಂದಾಗ ಕುಂಟಿ ಬರುತ್ತಿದ್ದೆ. ಗೆದ್ದೆನೋ ಸೋತೆನೋ ನೋಡುತ್ತಿರಲಿಲ್ಲ. ಅವರೇ ಬೇಸತ್ತು ಕರೆಯುವುದನ್ನು ಬಿಟ್ಟರು. ಮನೆಯಲ್ಲಿ ಅವ್ವನ ಹೆಸರು ಎತ್ತಬಾರದು ಎಂದು ಅಜ್ಜಿ ಎಲ್ಲರಿಗೂ ತಾಕೀತು ಮಾಡಿತ್ತು. ಕೂಸಿನ ಮನಸ್ಸು ಕದಡುತ್ತದೆ ಎಂದು. ಅವ್ವನ ಸೀರೆಗಳನ್ನು ಸೋದರತ್ತೆಯರು ಒಯ್ದರು. ಬಾಚಣಿಗೆ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ದೀಪಾವಳಿ ಬರುವ ಹೊತ್ತಿಗೆ ನಮ್ಮ ಮನೆಯಲ್ಲಿ ಹಾಗೊಬ್ಬರು ಇದ್ದರೆಂದು ಹೇಳುವವರೇ ಇರಲಿಲ್ಲ.

ಅಪ್ಪ ಕರೆಂಟಿನ ಲೈನ್‌ಮನ್. ಮೊದಲೇ ಮಾತು ಕಮ್ಮಿ. ಆಮೇಲಂತೂ ಬೆಳಗ್ಗೆ ಹೊರಟರೆ ದೀಪ ಹಚ್ಚಿದ ಮೇಲೇ ಬರುತ್ತಿದ್ದ. ಒಂದು ಸಂಜೆ ಅಜ್ಜಿ ಅವನ ಮುಂದೆ ಮುದ್ದೆ ಇಟ್ಟು ಕುಳಿತುಕೊಂಡಿತು.

"ನರಸೀಪುರದೋರು ಏಳಿ ಕಳುಸವ್ರೆ. ಒಳ್ಳೆ ಎಣ್ಣು. ಗಂಡ ತೀರೋಗಿ ಒಸಿ ವರ್ಸ ಆಯ್ತು, ಮಕ್ಳಿಲ್ಲ. ಬಟ್ಟೆ ಒಲಿತಾಳಂತೆ."

"ವರ್ಸ ತುಂಬ್ಲಿ ಬುಡವ್ವ."

"ವರ್ಸ ತುಂಬೋಗಂಟ ಈ ಕೂಸ್ನ ಯಾರ್ಲಾ ನೋಡ್ಕಂಡರು? ನನ್ ಕಣ್ಣು ಮಂಜಾಯ್ತಾ ಅದೆ. ಮದ್ವೆ ಆಮೇಲೆ ಆಗು. ನೋಡ್ಕಂಡಾರ ಬರನ."

ಅಪ್ಪ ಮುದ್ದೆ ಮುರಿಯುತ್ತಾ ಕುಳಿತಿದ್ದ. ಸೂತಕದ ವರ್ಷದಲ್ಲಿ ಹೆಣ್ಣಿನ ಮನೆಯ ಹೊಸ್ತಿಲು ತುಳಿಯಲು ಅವನಿಗೆ ಮನಸ್ಸಿಲ್ಲ. ಅವರನ್ನು ನಮ್ಮ ಮನೆಗೆ ಕರೆಸಿದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಕೊನೆಗೆ ಹೆಣ್ಣಿನ ಅಣ್ಣನೇ ಒಂದು ಉಪಾಯ ಹೇಳಿ ಕಳಿಸಿದ. ಅವನು ನರಸೀಪುರದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವನು. ಅಲ್ಲಿ ಹೊಳೆಯ ದಂಡೆಯ ಹಳೇ ಛತ್ರವೊಂದರಲ್ಲಿ ಊರಿನ ಕೆಲವರು ಸೇರಿ ಹಳ್ಳಿಹಳ್ಳಿ ತಿರುಗಿ ಹಿಂದಿನ ಕಾಲದ ವಸ್ತುಗಳನ್ನು ಕೂಡಿಹಾಕಿ ಮ್ಯೂಸಿಯಂ ಮಾಡಿದ್ದರು. ಊರವರು ಅದನ್ನು ಕರೆಯುತ್ತಿದ್ದುದು 'ಹಳೇ ಸಾಮಾನಿನ ಮನೆ' ಎಂದು. ಅಲ್ಲಿಗೆ ನಮ್ಮ ಗುರುತಿನವರು ಯಾರೂ ಬರುವುದಿಲ್ಲ, ಸ್ಕೂಲ್ ಮಕ್ಕಳು ಬಿಟ್ಟರೆ ಯಾರೂ ಬರುವುದಿಲ್ಲ, ಅಲ್ಲೇ ನೋಡಿ ಮಾತಾಡಬಹುದು ಎಂದು ಅವನ ಯೋಚನೆ.

ನನಗೆ ಹೇಳಿದ್ದು ಮಾತ್ರ, "ಮ್ಯೂಸಿಯಂ ನೋಡ್ಕಂಡ್ ಬರನ ಬಾ" ಎಂದು.

ಮಾಗಿಯ ಬೆಳಗು. ಬಸ್ಸಿನ ಕಿಟಕಿಯಾಚೆ ಮಂಜು ಮುಸುಕಿತ್ತು. ಹುಚ್ಚೆಳ್ಳು ಹೂವಿನ ಹಳದಿ ಅಲ್ಲಲ್ಲಿ ಮಾತ್ರ ಕಾಣುತ್ತಿತ್ತು. ಅಜ್ಜಿ ರಾಗಿ ರೊಟ್ಟಿಯನ್ನೂ ಹುಚ್ಚೆಳ್ಳು ಚಟ್ನಿಯನ್ನೂ ಬಾಳೆ ಎಲೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿತ್ತು. ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಬುಟ್ಟಿಗಳಲ್ಲಿ ರಸಬಾಳೆ ಹಣ್ಣಾಗಿ ಘಮ್ಮೆನ್ನುತ್ತಿತ್ತು. ಅಪ್ಪ ಒಂದು ಚಿಪ್ಪು ಕೊಂಡು ನನ್ನ ಕೈಗೆ ಕೊಟ್ಟ. ಹಿಂದೆ ಆಗಿದ್ದರೆ ಅಲ್ಲೇ ನಿಂತು ತಿನ್ನುತ್ತಿದ್ದೆ. ಈಗ ಹಿಡಿದುಕೊಂಡೆ. ಸುತ್ತೂರಿನ ಮೇಲೆ ಹೋಗುವ ಬಸ್ಸು ಹತ್ತಿದೆವು. ಸುತ್ತೂರಿನಲ್ಲಿ ಯೂನಿಫಾರಂ ಹಾಕಿದ ಹುಡುಗರು ಇಳಿದ ಮೇಲೆ ಬಸ್ಸು ಖಾಲಿಯಾಯಿತು. ಅಜ್ಜಿ ನನ್ನ ಕಿವಿಯ ಹತ್ತಿರ ಬಾಗಿ ಹೇಳಿತು:

"ಅಲ್ಲೊಬ್ರು ಬತ್ತರೆ ಕೂಸೇ. ನಗ್ತಾ ಮಾತಾಡ್ಸು. ಮುಖ ಗಂಟಾಕ್ಕಂಡ್ ನಿತ್ಕಬ್ಯಾಡ."

"ಹ್ಞೂಂ" ಅಂದೆ. ಬರುವವರು ಯಾರೆಂದು ನನಗೆ ಅಜ್ಜಿ ಅಪ್ಪನ ಮುಂದೆ ಮುದ್ದೆ ಇಟ್ಟು ಮಾತೆತ್ತಿದ ಸಂಜೆಯೇ ಗೊತ್ತಾಗಿತ್ತು. ಸಿಟ್ಟು ಬರಬೇಕಿತ್ತೋ ಏನೋ. ಬರಲಿಲ್ಲ.

ಛತ್ರದ ಬಾಗಿಲಲ್ಲಿ ಅವರಿಬ್ಬರೂ ನಿಂತಿದ್ದರು. ಅಣ್ಣ ದಪ್ಪ ಮೀಸೆಯವನು, ಕೈಯ ಗೆರೆಗಳಲ್ಲೆಲ್ಲ ಗ್ರೀಸು. ತಂಗಿ ನಾಗರತ್ನ. ಎಣ್ಣೆಗಪ್ಪು ಬಣ್ಣ, ಎತ್ತರದ ಹೆಂಗಸು, ಬಿಸ್ಕತ್ತು ಬಣ್ಣದ ನೈಲೆಕ್ಸ್ ಸೀರೆ, ರವಿಕೆಯ ತೋಳಿಗೆ ಸಿಕ್ಕಿಸಿಕೊಂಡು ಮರೆತಿದ್ದ ದಾರ ಪೋಣಿಸಿದ ಸೂಜಿ. ನನ್ನ ಕೆನ್ನೆ ಹಿಂಡಲಿಲ್ಲ, ಹೆಸರು ಕೇಳಲಿಲ್ಲ. ಅವರು ನನ್ನನ್ನು ಒಮ್ಮೆ ನೋಡಿ, "ಚಳಿ ಆಯ್ತಾ ಅದಾ?" ಅಂದರು. ಇಲ್ಲ ಅಂತ ತಲೆಯಾಡಿಸಿದೆ. ಆಯಿತು ಅಂತ ಅವರೂ ತಲೆಯಾಡಿಸಿದರು.

ಒಳಗೆ ಬಾವಲಿ ಹಿಕ್ಕೆಯ ವಾಸನೆ, ಮರಕ್ಕೆ ಬಳಿದ ಬೇವಿನೆಣ್ಣೆಯ ಕಹಿ ಘಾಟು. ಕಿರಿದಾದ ಕಿಟಕಿಗಳಿಂದ ಹೊಳೆಯ ಬೆಳಕು ಬಂದು ಸೂರಿನಲ್ಲಿ ಅಲುಗುತ್ತಿತ್ತು. ಸಾಲಾಗಿ ಕೂರಿಗೆ, ನೊಗ, ಎತ್ತಿನ ಕೊರಳಗಂಟೆ, ಸೇರು, ಪಾವು, ಚಟಾಕು, ಅಳಗುಳಿಮಣೆ, ಕರೀ ಕಂಬಳಿ. ಕಾಳು ತುಂಬಿಡುವ ಆಳೆತ್ತರದ ಮಣ್ಣಿನ ವಾಡೆಯೊಂದು ಮೂಲೆಯಲ್ಲಿ. ಒಂದೊಂದರ ಮುಂದೆಯೂ ಹೆಸರು ಬರೆದ ರಟ್ಟು. ಮುಂದೆ ಹಗ್ಗ. ಹಗ್ಗಕ್ಕೆ 'ಮುಟ್ಟಬಾರದು' ಎಂಬ ಬೋರ್ಡು.

ಅಜ್ಜಿ ಮೊರದ ಮುಂದೆ ನಿಂತಿತು. ಕಣ್ಣು ಕಿರಿದು ಮಾಡಿಕೊಂಡು ನೋಡಿತು. ಆಮೇಲೆ ಅಪ್ಪನ ಕಡೆ ತಿರುಗಿತು.

"ಇದು ಮೊರ ಅಲ್ವೇನ್ಲಾ?"

"ಹ್ಞೂಂ ಕಣವ್ವ."

"ಬೆಳಗ್ಗೆ ಇದ್ರಲ್ಲೇ ಅವ್ರೆಕಾಳು ಕೇರಿ ಬಂದಿವ್ನಿ. ಇದ್ ನೋಡಕ್ಕೆ ಟಿಕೀಟ್ ಬ್ಯಾರೆ ತಕ್ಕಂಡ?"

ನಾಗರತ್ನ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ನಕ್ಕುಬಿಟ್ಟರು. ಅವರ ಅಣ್ಣನೂ ನಕ್ಕ. ಅಷ್ಟು ತಿಂಗಳ ಮೇಲೆ ಅಪ್ಪನ ಮುಖದಲ್ಲೂ ನಗುವಿನಂಥದ್ದೊಂದು ಬಂದು ಹೋಯಿತು. ಬಿಗುವು ಕಳೆಯಿತು. ಅಜ್ಜಿ ಆಮೇಲೆ ಒಂದೊಂದು ಸಾಮಾನಿನ ಮುಂದೆಯೂ ನಿಂತು ಜಗಳ ತೆಗೆಯಿತು. ಕೂರಿಗೆಯ ಬಟ್ಟಲು ತಪ್ಪು ಕೂರಿಸಿದ್ದಾರೆ, ಕಂಚಿನ ತಣಿಗೆಗೆ ಹುಣಸೇಹಣ್ಣು ಹಾಕಿ ಉಜ್ಜಿಲ್ಲ, ಕಡಗೋಲಿಗೆ ಹಗ್ಗವೇ ಇಲ್ಲ. ಕಾವಲಿನವನು ಸ್ಟೂಲಿನ ಮೇಲೆ ಕುಳಿತು ಆಕಳಿಸುತ್ತಿದ್ದ. ದೊಡ್ಡವರು ಮಾತಾಡುತ್ತಾ ನಿಂತರು. ನಾನು ಮುಂದೆ ಹೋದೆ.

ಕೊನೆಯ ಅಂಕಣ ಅಡುಗೆಮನೆ. ಮೂರು ಗುಂಡಿನ ಒಲೆ, ನೆಲುವಿನಲ್ಲಿ ಗಡಿಗೆ, ಪಕ್ಕದಲ್ಲಿ ಬೀಸುವ ಕಲ್ಲು. ಕಲ್ಲಿನ ಮುಂದೆ ಗಾರೆಯಲ್ಲಿ ಮಾಡಿದ ಆಳುದ್ದದ ಹೆಂಗಸಿನ ಬೊಂಬೆ. ನಿಜವಾದ ಸೀರೆ ಉಡಿಸಿದ್ದರು. ನಿಜವಾದ ಬಳೆ ತೊಡಿಸಿದ್ದರು. ಕಾಲು ಚಾಚಿ ಕುಳಿತು ಒಂದು ಕೈ ಕಲ್ಲಿನ ಗೂಟದ ಮೇಲೆ ಇಟ್ಟಿತ್ತು. ಮುಖಕ್ಕೆ ಬಣ್ಣ ಬಳಿದವನು ಕಣ್ಣು ದೊಡ್ಡದು ಮಾಡಿಬಿಟ್ಟಿದ್ದ. ಅದನ್ನು ನೋಡಿ ನನಗೆ ಅವ್ವ ಅನ್ನಿಸಲಿಲ್ಲ. ಅವ್ವನ ಹಾಗೆ ಒಂದಿಷ್ಟೂ ಇರಲಿಲ್ಲ. ನನಗೆ ಕಂಡದ್ದು ಬೊಂಬೆಯಲ್ಲ, ಅದರ ಎದುರಿನ ಖಾಲಿ ಜಾಗ.

ನಮ್ಮ ಮನೆಯಲ್ಲಿ ಅವ್ವ ಬೀಸಲು ಕುಳಿತರೆ ಎದುರಿಗೆ ನಾನು. ಗೂಟಕ್ಕೆ ಒಂದು ಕೈ ಅದರದ್ದು, ಒಂದು ನನ್ನದು. ನನ್ನ ಬಲ ಏನೂ ಲೆಕ್ಕಕ್ಕಿರಲಿಲ್ಲ. ಆದರೂ ನಾನು ಕೈ ತೆಗೆದರೆ, "ಭಾರ ಆಯ್ತದೆ, ಇಡ್ಕ" ಅನ್ನುತ್ತಿತ್ತು. ಹುರಿದ ರಾಗಿಯ ಬಿಸಿ ಹಿಟ್ಟು ಕಲ್ಲಿನ ಸುತ್ತ ಉದುರುವಾಗ ಏಳುತ್ತಿದ್ದ ವಾಸನೆಗೆ ಹೊಟ್ಟೆ ಚುರುಗುಟ್ಟುತ್ತಿತ್ತು.

ಹಗ್ಗದ ಕೆಳಗೆ ನುಸುಳಿ ಹೋಗಿ ಬೊಂಬೆಯ ಎದುರು ಕುಳಿತೆ. ಬಾಳೆಹಣ್ಣಿನ ಚಿಪ್ಪು ಪಕ್ಕಕ್ಕಿಟ್ಟು ಗೂಟ ಹಿಡಿದು ತಿರುಗಿಸಿದೆ. ಮೊದಲು ಅಲುಗಲಿಲ್ಲ. ಎರಡೂ ಕೈ ಹಾಕಿ ಎಳೆದಾಗ ಬೊಂಬೆಯ ಕೈಯಡಿಯಿಂದ ಗೂಟ ಜಾರಿ ಕಲ್ಲು ತಿರುಗಿತು. ಒಳಗೆ ಕಾಳಿಲ್ಲದ ಕಲ್ಲಿನ ಗರಗರ ಸದ್ದು ಆ ಖಾಲಿ ಛತ್ರದಲ್ಲಿ ದೊಡ್ಡದಾಗಿ ಕೇಳಿತು.

"ಯಾರದು? ಏಯ್ ಪಾಪ, ಏಳು ಮೇಲೆ! ಬೋರ್ಡ್ ಆಕಿಲ್ವಾ ಅಲ್ಲಿ?" ಕಾವಲಿನವನು ಎದ್ದು ಬಂದ. ಅಪ್ಪ ಅವನ ಹಿಂದೆಯೇ ಓಡಿ ಬಂದ. ನಾಚಿಕೆಯಿಂದ ಅವನ ಕಿವಿ ಕೆಂಪಾಗಿತ್ತು. "ಭಾಗ್ಯ, ಏಳು. ಏಳವ್ವ" ಅಂದ.

ನಾನು ಏಳಲಿಲ್ಲ. ಹಟವಲ್ಲ. ಕೈ ನಿಲ್ಲಲಿಲ್ಲ, ಅಷ್ಟೇ. ಕಲ್ಲು ತಿರುಗುತ್ತಲೇ ಇತ್ತು. ಅಜ್ಜಿ ದೂರದಲ್ಲಿ, "ಅಯ್ಯೋ ಶಿವನೆ, ಇವ್ರೇನ್ ಅಂದ್ಕಂಡರು" ಎಂದು ಹಣೆ ಒತ್ತಿಕೊಂಡಿತು.

ಅಷ್ಟರಲ್ಲಿ ನಾಗರತ್ನ ಸೀರೆಯ ನೆರಿಗೆ ಎತ್ತಿ ಹಿಡಿದು ಹಗ್ಗ ದಾಟಿ ಬಂದರು.

"ಒಂದ್ ನಿಮ್ಸ ಇರಿ ಸಾ" ಅಂದರು ಕಾವಲಿನವನಿಗೆ. "ಒಡೆದೋಗಕ್ಕೆ ಗಾಜಾ ಇದು? ಕಲ್ಲು."

ನನ್ನ ಪಕ್ಕ ನೆಲದ ಮೇಲೆ ಕುಳಿತರು. ನನ್ನ ಕೈ ಹಿಡಿಯಲಿಲ್ಲ, ತಲೆ ಸವರಲಿಲ್ಲ. ಕಲ್ಲು ತಿರುಗುವುದನ್ನು ಸುಮ್ಮನೆ ನೋಡಿದರು. ಆಮೇಲೆ ಕೇಳಿದರು:

"ಏನ್ ಬೀಸ್ತಿದ್ರಿ ನಿಮ್ಮನೇಲಿ?"

"ಹುರಿಹಿಟ್ಟು."

"ಯಾರ್ಯಾರು?"

"ನಾನು. ಅವ್ವ."

ಆ ಪದ ಆಷಾಢದಿಂದ ನನ್ನ ಬಾಯಲ್ಲಿ ಬಂದಿರಲಿಲ್ಲ. ಹಗ್ಗದಾಚೆ ಅಪ್ಪ ತಲೆ ತಗ್ಗಿಸಿದ.

"ಅವ್ವ ಯಾವ್ ಕೈಲಿ ಕಾಳಾಕ್ತಿತ್ತು?"

ಅದುವರೆಗೆ ಎಲ್ಲರೂ ನನ್ನ ಬಗ್ಗೆ ಕೇಳಿದ್ದರು. ಉಂಡಳಾ, ಮಲಗಿದಳಾ, ಅತ್ತಳಾ. ಅವ್ವನ ಬಗ್ಗೆ ಯಾರೂ ಕೇಳಿರಲಿಲ್ಲ. ನಾನು ಕಣ್ಣು ಮುಚ್ಚಿ ಯೋಚನೆ ಮಾಡಿದೆ. ಕಾಳು ತುಂಬಿದ ಹಿಡಿ ಕಲ್ಲಿನ ಬಾಯಿಗೆ ಬರುವುದು ಕಾಣಿಸಿತು.

"ಎಡಗೈ" ಅಂದೆ. ಆಮೇಲೆ ನಾನಾಗಿಯೇ ಅಂದೆ, "ಬರೀ ಕಲ್ಲು ತಿರುಗುಸ್ಬಾರ್ದಂತೆ. ಕಲ್ಲನ್ನ ಕಲ್ಲೇ ತಿಂತದಂತೆ."

"ಯಾರ್ ಹೇಳಿದ್ದು?"

"ಅವ್ವ."

"ಸರ್ಯಾಗೇ ಹೇಳ್ಯದೆ" ಅಂದರು ನಾಗರತ್ನ. "ಹಂಗಾರೆ ನಿಲ್ಸು."

ನಿಲ್ಲಿಸಿದೆ. ಅಂಗೈ ಕೆಂಪಾಗಿ ಉರಿಯುತ್ತಿತ್ತು. ಅವರು ಬೊಂಬೆಯ ಕೈಯನ್ನು ಮತ್ತೆ ಗೂಟಕ್ಕೆ ಹೊಂದಿಸಿ, ಸೆರಗಿನಿಂದ ಅದರ ಮೊಣಕಾಲಿನ ಧೂಳು ಒರೆಸಿ, ನನ್ನನ್ನು ಎಬ್ಬಿಸಿಕೊಂಡು ಬಂದರು. ಕಾವಲಿನವನಿಗೆ ಒಂದು ಬಾಳೆಹಣ್ಣು ಕೊಟ್ಟರು. ಅವನು ಸಿಪ್ಪೆ ಸುಲಿಯುತ್ತಾ ಸ್ಟೂಲಿಗೆ ವಾಪಸು ಹೋದ.

ಹೊಳೆಯ ಸೋಪಾನದ ಮೇಲಿನ ಅರಳಿಕಟ್ಟೆಯಲ್ಲಿ ಊಟ ಬಿಚ್ಚಿದೆವು. ನಾಗರತ್ನ ಟಿಫನ್ ಕ್ಯಾರಿಯರಿನಲ್ಲಿ ಅವರೆಕಾಳು ಉಪ್ಪಿಟ್ಟು ತಂದಿದ್ದರು. ಬಿಸಿಲು ಏರಿತ್ತು. ಅಜ್ಜಿಗೆ ನಡೆದದ್ದರ ಬಗ್ಗೆ ಏನಾದರೂ ಹೇಳಲೇಬೇಕು ಅನ್ನಿಸಿರಬೇಕು.

"ತೆಪ್ ತಿಳ್ಕಬ್ಯಾಡ ಕಣವ್ವ. ಕೂಸು ಮದ್ಲು ಇಂಗಿರ್ಲಿಲ್ಲ. ಅವ್ರವ್ವ ಓದಾಗಿಂದ ಅಳಾದೇ ಇಲ್ಲ. ಯಾವ್ದಾರ ದೇವ್ರಿಗೆ ಅರ್ಕೆ ಕಟ್ಕಬೇಕು ಅಂತಿವ್ನಿ."

"ನಂಗೂ ಅಳು ಬರ್ಲಿಲ್ಲ ಅಜ್ಜಿ" ಅಂದರು ನಾಗರತ್ನ.

ಅವರ ಅಣ್ಣ ಎಲೆಯಿಂದ ತಲೆ ಎತ್ತಿದ.

"ನಮ್ಮನೆಯೋರ್ನ ಲಾರಿ ಗುದ್ದಿದ್ದು. ಮನೆ ತುಂಬ ಜನ, ಎಲ್ರೂ ಅಳ್ತಾವ್ರೆ. ನಂಗೆ ಒಲೆ ಮೇಲೆ ಹಾಲಿಟ್ಟಿದ್ನಲ್ಲ, ಇಳುಸಿದ್ನಾ ಇಲ್ವಾ ಅಂತ ಅದೇ ಯೋಚ್ನೆ. ಎಷ್ಟೋ ದಿನ ಆದ್ಮೇಲೆ ಯಾರ್ದೋ ಶರ್ಟಿಗೆ ಗುಂಡಿ ಹಾಕ್ತಾ ಕೂತಿದ್ದೆ, ಅವಾಗ ಬಂತು. ಯಾಕ್ ಬಂತೋ ಗೊತ್ತಿಲ್ಲ." ಅವರು ಉಪ್ಪಿಟ್ಟು ಬಡಿಸುತ್ತಾ ನನ್ನ ಎಲೆಯನ್ನೇ ನೋಡುತ್ತಿದ್ದರು. "ಬರ್ದೇ ಇದ್ರೂ ಏನಾಯ್ತಿರ್ಲಿಲ್ಲ. ಅರ್ಕೆ ಎಲ್ಲ ಏನೂ ಬೇಡ ಅಜ್ಜಿ."

ಆ ಮಾತು ಕೇಳಿ ನನ್ನ ಎದೆ ಹಗುರಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಏನೂ ಆಗಲಿಲ್ಲ. ಹೊಳೆಯಲ್ಲಿ ಹರಿಗೋಲೊಂದು ಹೋಗುತ್ತಿತ್ತು. ಅದನ್ನು ನೋಡುತ್ತಾ ಉಪ್ಪಿಟ್ಟು ತಿಂದೆ. ಆದರೆ ಯಾರೂ ನನ್ನ ಮುಖ ನೋಡುತ್ತಾ ಕುಳಿತಿರಲಿಲ್ಲ ಎಂಬುದು ಮಾತ್ರ ಗೊತ್ತಾಗಿತ್ತು.

ಬಸ್‌ಸ್ಟ್ಯಾಂಡಿಗೆ ಅವರೂ ಬಂದರು. ಅಪ್ಪನೂ ನಾಗರತ್ನ ಅವರೂ ಆ ದಿನವಿಡೀ ಒಬ್ಬರಿಗೊಬ್ಬರು ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಬಸ್ಸಿಗೆ ಕಾಯುವಾಗ ಅಣ್ಣ ತಂಗಿಯ ಕಡೆ ನೋಡಿ, "ಏನಮ್ಮ, ಏನ್ ಹೇಳಣ?" ಅಂದ. ಸಾಮಾನ್ಯವಾಗಿ ಇಂಥ ಮಾತಿಗೆ ಉತ್ತರ ಮನೆಗೆ ಹೋದ ಮೇಲೆ, ಇನ್ನೊಬ್ಬರ ಮೂಲಕ ಬರುತ್ತದೆ. ನಾಗರತ್ನ ಅಲ್ಲೇ ಹೇಳಿದರು. ಅಪ್ಪನಿಗೇ ಹೇಳಿದರು.

"ನಂಗೊಪ್ಗೆ ಅದೆ. ವರ್ಸ ತುಂಬ್ಲಿ, ಅವ್ರ ಕಾರ್ಯ ಎಲ್ಲ ಸರ್ಯಾಗ್ ಮಾಡಿ. ಆಮೇಲೆ ಬತ್ತೀನಿ. ಆದ್ರೆ ನನ್ನ ಅವ್ವ ಅಂತ ಕರಿ ಅಂತ ಈ ಮಗೀಗೆ ಯಾರೂ ಹೇಳ್ಕೊಡ್ಬಾರ್ದು. ಅವ್ವ ಅದೆಯಲ್ಲ ಅದ್ಕೆ."

ಅಪ್ಪ ಕೈ ಮುಗಿದ. ಬಸ್ ಸ್ಟ್ಯಾಂಡಿನ ಜನರ ನಡುವೆ, ತನಗಿಂತ ಚಿಕ್ಕವಳಾದ ಹೆಂಗಸಿಗೆ ಕೈ ಮುಗಿದು ನಿಂತ ಅಪ್ಪ.

ಮುಂದಿನ ಶ್ರಾವಣ ಕಳೆದ ಮೇಲೆ ಚಿಕ್ಕವ್ವ ಬಂದಿತು. ಒಂದು ಟ್ರಂಕು, ಒಂದು ಹೊಲಿಗೆ ಮೆಷಿನ್ನು. ಮನೆಗೆ ಬಂದ ಮೇಲೆ ಅದು ಮಾಡಿದ ಮೊದಲ ಕೆಲಸ ಅಂದರೆ ಅಪ್ಪನ ಪೆಟ್ಟಿಗೆಯ ತಳದಲ್ಲಿದ್ದ ಅವ್ವನ ಒಂದೇ ಒಂದು ಫೋಟೋ ಹುಡುಕಿ ನಂಜನಗೂಡಿನಲ್ಲಿ ಕಟ್ಟು ಹಾಕಿಸಿಕೊಂಡು ಬಂದು ನಡುಮನೆಯಲ್ಲಿ ನೇತುಹಾಕಿದ್ದು. ಎರಡನೆಯ ಕೆಲಸ ನನ್ನನ್ನು ಕೇಳುವುದು. ಮೆಷಿನ್ ತುಳಿಯುತ್ತಾ, ಸೊಪ್ಪು ಬಿಡಿಸುತ್ತಾ ಕೇಳುತ್ತಿತ್ತು. ನಿಮ್ಮವ್ವ ಉಪ್ಸಾರಿಗೆ ಖಾರ ಹೆಂಗೆ ಅರೀತಿತ್ತು? ಮಳೆ ಬಂದ್ರೆ ಏನಂತಿತ್ತು? ನಿಂಗೆ ಜ್ವರ ಬಂದಾಗ ಏನ್ ಮಾಡ್ತಿತ್ತು? ನಾನು ಹೇಳುತ್ತಿದ್ದೆ. ಹೇಳಿದ್ದನ್ನು ಅದು ಮರೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ, "ನಿಮ್ಮವ್ವ ಯಾವ್ ಬಣ್ಣದ ಬಳೆ ಹಾಕ್ಕತಿತ್ತು?" ಎಂದು ಕೇಳಿತು. ಹಸಿರು ಅನ್ನಲು ಬಾಯಿ ತೆರೆದೆ. ಹಸಿರೋ ಕೆಂಪೋ ಗೊತ್ತಾಗಲಿಲ್ಲ. ಗೋಡೆಯ ಫೋಟೋ ನೋಡಿದೆ. ಅದು ಕಪ್ಪು ಬಿಳುಪು. ಮತ್ತೆ ಯೋಚಿಸಿದೆ. ಆ ಕೈ ಕಾಣುತ್ತಿತ್ತು, ಬಳೆಯ ಸದ್ದು ಕೇಳುತ್ತಿತ್ತು, ಬಣ್ಣ ಹೊರಟುಹೋಗಿತ್ತು. ಆಗ ನನಗೆ ಅಳು ಬಂತು. ಬಾಯಿ ಮುಚ್ಚಿದರೂ ನಿಲ್ಲದ ಅಳು, ವಾಂತಿಯ ಹಾಗೆ. ಚಿಕ್ಕವ್ವ ಮೆಷಿನ್ ನಿಲ್ಲಿಸಿತು. ಎದ್ದು ಹೋಗಿ ಬೀದಿ ಬಾಗಿಲು ಹಾಕಿತು, ಯಾರೂ ಬರದ ಹಾಗೆ. ವಾಪಸು ಬಂದು ನನ್ನ ಪಕ್ಕ ನೆಲದ ಮೇಲೆ ಕುಳಿತುಕೊಂಡಿತು. ಸಂಜೆಯವರೆಗೂ ಕುಳಿತಿತ್ತು.

ಇದೆಲ್ಲ ಆಗಿ ಬಹಳ ವರ್ಷಗಳಾದವು. ನಾನು ಮದುವೆಯಾಗಿ ಹೆಡತಲೆಗೆ ಬಂದೆ. ನಮ್ಮ ಮನೆಯಲ್ಲಿ ಈಗ ಮಿಕ್ಸಿ ಇದೆ, ಕಲ್ಲಿಲ್ಲ. ಕವಲಂದೆಯ ಮನೆಗೆ ಟೈಲ್ಸ್ ಹಾಕಿಸುವಾಗ ಅಲ್ಲಿದ್ದ ಕಲ್ಲನ್ನು ಹಿತ್ತಿಲಿಗೆ ಸಾಗಿಸಿದ್ದರು, ಅಲ್ಲಿಂದ ಯಾರು ಒಯ್ದರೋ. ನರಸೀಪುರದ ಹಳೇ ಸಾಮಾನಿನ ಮನೆ ಮುಚ್ಚಿದೆಯಂತೆ. ಸಾಮಾನೆಲ್ಲ ಎಲ್ಲಿ ಹೋದವು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಜ್ಜಿ ಹೋಯಿತು. ಅಪ್ಪನೂ ಹೋದ. ಕಳೆದ ಮಾಗಿಯಲ್ಲಿ ಚಿಕ್ಕವ್ವನೂ ಹೋಯಿತು.

ಈ ಸಲವೂ ನನಗೆ ಅಳು ಬರಲಿಲ್ಲ. ಬಂದವರಿಗೆಲ್ಲ ಕಾಫಿ ಮಾಡಿಕೊಟ್ಟೆ, ಹಾಲು ಸಾಲದೆ ತರಿಸಿದೆ. ಅಳದಿದ್ದರೂ ಏನೂ ಆಗುವುದಿಲ್ಲ ಎಂದು ಗೊತ್ತಿರುವುದರಿಂದ ಗಾಬರಿಯಿಲ್ಲ. ಗಾಬರಿ ಬೇರೆಯದಕ್ಕೆ. ಇಷ್ಟು ವರ್ಷ ಅವ್ವನ ಬಗ್ಗೆ ನನಗೆ ಏನು ಮರೆತುಹೋದರೂ ಚಿಕ್ಕವ್ವನನ್ನು ಕೇಳುತ್ತಿದ್ದೆ. ಅವ್ವನನ್ನು ಒಂದು ದಿನವೂ ಕಣ್ಣಿನಲ್ಲಿ ನೋಡದಿದ್ದ ಚಿಕ್ಕವ್ವ ಥಟ್ಟನೆ ಹೇಳುತ್ತಿತ್ತು, ಜೊತೆಯಲ್ಲೇ ಇದ್ದವರ ಹಾಗೆ.

ಮೊನ್ನೆ ಮಗಳನ್ನು ಸ್ಕೂಲಿಗೆ ಹೊರಡಿಸುತ್ತಿದ್ದೆ. ಜಡೆ ಹಾಕುವಾಗ ಬಾಚಣಿಗೆ ಹಿಡಿದ ಕೈ ನಿಂತಿತು. ಅವ್ವ ನನಗೆ ಬೈತಲೆಯನ್ನು ನಡುವೆ ತೆಗೆಯುತ್ತಿತ್ತೋ, ಪಕ್ಕಕ್ಕೆ ತೆಗೆಯುತ್ತಿತ್ತೋ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಚಿಕ್ಕವ್ವನಿಗೆ ಗೊತ್ತಿತ್ತು. ನಾನೇ ಹೇಳಿದ್ದೆ.